ಅಂಕವೇನು ಹಣೆಬರಹವೇ?

ಹುಟ್ಟನ್ನು ನೋಡಿ ಬಾಳನ್ನು ಬರೆದವರ ಕೈಯಲ್ಲಿ ತಲೆಮಾರುಗಟ್ಟಲೆ ನಲುಗಿದವರು ನಾವು. ಅದಕ್ಕೇ ಜೀನ್, ವಂಶವಾಹಿ ಅನ್ನೋ ಮಾತು ಕಿವಿಗೆ ಬಿದ್ದರೆ ನಮಗೆ ಗುಮಾನಿ. ಸ್ತನ ಕ್ಯಾನ್ಸರ್ ಆದ ಹೆಂಗಸಿಗೆ ಕೀಮೋ ಬೇಕೋ ಬೇಡವೋ ಅಂತ ಜೀನ್ ಪರೀಕ್ಷೆ ಹೇಳುತ್ತದಂತೆ. ಇದೇನು ಹೊಸ ಜಾತಕವೋ?

ಜಾತಕವಲ್ಲ. ಅಮೆರಿಕದಲ್ಲಿ 2004ರಿಂದ ಬಳಕೆಯಲ್ಲಿರುವ ಆಂಕೋಟೈಪ್ ಡಿಎಕ್ಸ್ ಪರೀಕ್ಷೆ ಅವಳ ಕುಲಮೂಲ ಕೆದಕುವುದಿಲ್ಲ. ಗಡ್ಡೆಯ ಒಂದು ಚೂರಿನಲ್ಲಿ 21 ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ಅಳೆದು, 0ಯಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. ಅಂಕ ಏರಿದಷ್ಟೂ ರೋಗ ಮರುಕಳಿಸುವ ಭಯ ಹೆಚ್ಚು. ಎಲ್ಲ ಸ್ತನ ಕ್ಯಾನ್ಸರಿಗೂ ಇದು ಸಲ್ಲದು. ಹಾರ್ಮೋನಿನಿಂದ ಬೆಳೆಯುವ, ಹರ್-2 ಇಲ್ಲದ, ಆರಂಭದ ಹಂತದ್ದಕ್ಕೆ ಮಾತ್ರ.

ಮೊದಲು ಇಂಥ ಎಷ್ಟೋ ಹೆಂಗಸರಿಗೆ 'ಯಾವುದಕ್ಕೂ ಇರಲಿ' ಅಂತ ಕೀಮೋ ಕೊಡುತ್ತಿದ್ದರು. ಕೂದಲು ಉದುರಿ, ಅನ್ನ ಸೇರದೆ, ಕೈಕಾಲು ಜೋಮು ಹಿಡಿದವರಲ್ಲಿ ಅದು ಬೇಕಿದ್ದವರು ಯಾರು, ಬೇಡವಾಗಿದ್ದವರು ಯಾರು? 2018ರಲ್ಲಿ ಪ್ರಕಟವಾದ ಟೇಲರ್‌ಎಕ್ಸ್ ಅಧ್ಯಯನ ಈ ಪ್ರಶ್ನೆ ಎತ್ತಿಕೊಂಡಿತು. ಕಂಕುಳ ಗ್ರಂಥಿಗೆ ರೋಗ ಹರಡದ 10,273 ಹೆಂಗಸರು ಅದರಲ್ಲಿದ್ದರು. 11ರಿಂದ 25 ಅಂಕ ಬಂದವರಲ್ಲಿ ಒಂದು ಗುಂಪಿಗೆ ಹಾರ್ಮೋನ್ ಚಿಕಿತ್ಸೆ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಕೀಮೋ. ಒಂಬತ್ತು ವರ್ಷಕ್ಕೆ ಬದುಕುಳಿದವರು ಕೀಮೋ ಇಲ್ಲದವರಲ್ಲಿ ನೂರಕ್ಕೆ 93.9, ಕೀಮೋ ಆದವರಲ್ಲಿ 93.8. ಐವತ್ತು ದಾಟದವರಲ್ಲಿ, 16ರಿಂದ 25 ಅಂಕದವರಿಗೆ ಮಾತ್ರ ಕೀಮೋದಿಂದ ತುಸು ಲಾಭ ಕಂಡಿತು.

ಅಂದರೆ 'ನನಗೆ ಈ ವಿಷ ಬೇಡ' ಅನ್ನುವ ಧೈರ್ಯಕ್ಕೆ ಒಂದು ಆಧಾರ ಸಿಕ್ಕಿತು. ಆದರೆ ಅದನ್ನು ಅನ್ನಬೇಕಾದವರು ಯಾರು? ಡಾಕ್ಟರು ಅಂಕ ಓದಿ ತೀರ್ಪು ಕೊಟ್ಟು, ಅವಳು ತಲೆಯಾಡಿಸಿ ಬಂದರೆ ಅದೂ ಪುರೋಹಿತಿಕೆಯೇ. ಅಂಕ ಸಾವಿರಾರು ಜನರ ಲೆಕ್ಕ. ರೋಗ ಮರಳುವ ಆ ಕೆಲವರಲ್ಲಿ ತಾನಿದ್ದೇನೋ ಇಲ್ಲವೋ, ಅದು ಹೇಳದು. ಎಷ್ಟು ಭಯ ಹೊರಬಲ್ಲೆ, ಎಷ್ಟು ನೋವು ತಾಳಬಲ್ಲೆ, ಕೂಲಿ ತಪ್ಪಿದರೆ ಮಕ್ಕಳ ಗತಿಯೇನು? ಇದನ್ನು ತೂಗುವ ತಕ್ಕಡಿ ಅವಳ ಕೈಯಲ್ಲೇ ಇರಬೇಕು.

ಇನ್ನೊಂದು ಮಾತು ನಮ್ಮನ್ನು ಇರಿಯುತ್ತದೆ. ಅದೇ ಅಧ್ಯಯನದ ಕಪ್ಪು ಹೆಂಗಸರ ಅಂಕಗಳು ಬಿಳಿಯರಂತೆಯೇ ಇದ್ದವು. ಚಿಕಿತ್ಸೆಯೂ ಹೆಚ್ಚುಕಡಿಮೆ ಒಂದೇ. ಆದರೂ ರೋಗ ಮರಳಿದ್ದು, ಸತ್ತದ್ದು ಅವರಲ್ಲೇ ಹೆಚ್ಚು. ಈ ಅಂತರಕ್ಕೆ ಅಂಕದಲ್ಲಿ ಉತ್ತರವಿಲ್ಲ. 'ಅವರ ರಕ್ತವೇ ಹಾಗೆ' ಎಂದು ಕೈತೊಳೆದುಕೊಳ್ಳುವುದು ಸುಲಭ. ಆ ಮಾತಿನ ರುಚಿ ನಾವು ಚೆನ್ನಾಗಿ ಬಲ್ಲೆವು. ಗಡ್ಡೆಯನ್ನು ಓದಿದವರು ಗಡ್ಡೆ ಹೊತ್ತವಳ ಬದುಕನ್ನೂ ಓದಲಿ.

ನಮ್ಮಲ್ಲಿ ಆಂಕೋಟೈಪ್‌ಗೆ ಲಕ್ಷಗಟ್ಟಲೆ ರೂಪಾಯಿ. ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆ ಜೀನ್‌ಗಳ ಬದಲು ಐದು ಪ್ರೋಟೀನುಗಳನ್ನು ನೋಡುವ, ಅದಕ್ಕಿಂತ ಅಗ್ಗದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಪರೀಕ್ಷೆ ತಂದಿದೆ. ಕೂಲಿಯವಳಿಗೆ ಅದೂ ದೂರವೇ. ಅವಳ ಡಾಕ್ಟರು ವಯಸ್ಸು, ಗಡ್ಡೆಯ ಗಾತ್ರ, ಗ್ರೇಡ್ ನೋಡಿ ತೀರ್ಮಾನಿಸಬೇಕು. ಅನುಮಾನ ಉಳಿದರೆ ಕೀಮೋ. ಉಳ್ಳವಳು ದುಡ್ಡು ಕೊಟ್ಟು ಅನುಮಾನ ಕಳೆದುಕೊಳ್ಳುತ್ತಾಳೆ. ಇಲ್ಲದವಳು ಅದನ್ನು ಮೈಯೊಳಗೆ ಹರಿಸಿಕೊಳ್ಳುತ್ತಾಳೆ.

ಅಕ್ಷರವನ್ನು ಬಚ್ಚಿಟ್ಟವರೊಡನೆ ಜಗಳವಾಡಿದವರು ನಾವು. ಈ ಅಂಕವನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ, ಕಾಸಿಲ್ಲದೆ, ಅವಳಾಡುವ ಕನ್ನಡದಲ್ಲಿ ಕೇಳಬೇಕು. ಮೈ ಅವಳದು. ಲೆಕ್ಕವೂ ಅವಳಿಗೆ ಸಿಗಲಿ.