ಕಣದ ಸುದ್ದಿ ಮತ್ತು ನಮ್ಮ ಅವಸರ



ಪರಮಾಣುವಿನೊಳಗಿನ ಕಣಗಳ ಕುರಿತು ಪತ್ರಿಕೆಯಲ್ಲಿ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಇನ್ನು ದೇವನೇ ಬೇಕಿಲ್ಲವೆಂದು ಹೇಳಿಬಿಡುತ್ತಾರೇನೋ’ ಎಂಬ ಅಳುಕು ಒಂದು. ‘ಇದೆಲ್ಲ ಕುರ್‌ಆನಿನಲ್ಲಿ ಮೊದಲೇ ಇದೆ’ ಎಂಬ ಹೆಮ್ಮೆ ಇನ್ನೊಂದು.

2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದವರು ಹೊಸ ಕಣವೊಂದು ಸಿಕ್ಕಿದೆಯೆಂದು ಪ್ರಕಟಿಸಿದರು. ಪೀಟರ್ ಹಿಗ್ಸ್ 1964ರಲ್ಲೇ ಊಹಿಸಿದ್ದ ಕಣವದು. ಪತ್ರಿಕೆಗಳು ಅದನ್ನು ‘ದೇವಕಣ’ ಎಂದು ಕರೆದವು. ಆ ಹೆಸರು ಬಂದದ್ದು ವಿಜ್ಞಾನಿ ಲಿಯಾನ್ ಲೆಡರ್‌ಮನ್ 1993ರಲ್ಲಿ ತಂದ ಪುಸ್ತಕದ ಶೀರ್ಷಿಕೆಯಿಂದ. ಹಿಗ್ಸ್‌ರಿಗೇ ಅದು ಹಿಡಿಸಿರಲಿಲ್ಲ. ಎಲೆಕ್ಟ್ರಾನಿನಂತಹ ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಬಂತೆಂಬ ಲೆಕ್ಕಕ್ಕೆ ಆ ಕಣ ಬೇಕು, ಅಷ್ಟೆ. ಅಳುಕುವಂತಹದ್ದು ಅದರಲ್ಲೇನಿದೆ?

ಹೆಮ್ಮೆಯವರ ಮಾತು ಹೆಚ್ಚು ಅಪಾಯದ್ದು. ‘ಅಝ್ಝಿಲ್‌ಝಾಲ್’ ಅಧ್ಯಾಯದ ‘ಝರ್ರಃ’ ಎಂಬ ಪದವನ್ನು ಪರಮಾಣುವೆಂದು ಓದಿ, ಅಣುವಿಜ್ಞಾನವೆಲ್ಲ ಅಲ್ಲಿದೆಯೆಂದು ಭಾಷಣ ಮಾಡುವವರಿದ್ದಾರೆ. ಹಿಂದಿನ ವ್ಯಾಖ್ಯಾನಕಾರರು ಅದಕ್ಕೆ ಪುಟ್ಟ ಇರುವೆ, ಬಿಸಿಲುಕೋಲಿನಲ್ಲಿ ತೇಲುವ ಧೂಳು ಎಂಬ ಅರ್ಥ ಹೇಳಿದ್ದಾರೆ. ಅಲ್ಲಿನ ಪ್ರಸ್ತಾಪ ನಿಮ್ಮ, ನನ್ನ ಕರ್ಮಗಳ ತೂಕದ್ದು. ಅದನ್ನು ಮರೆತು ನಾವು ಪ್ರಯೋಗಶಾಲೆ ಹುಡುಕುತ್ತೇವೆ!

ಆ ವಿಜ್ಞಾನಿಗಳ ಸಂಯಮವನ್ನಾದರೂ ನೋಡಿ. 2015ರ ಡಿಸೆಂಬರಿನಲ್ಲಿ ಅಲ್ಲಿನ ಎರಡು ಪ್ರಯೋಗಗಳಲ್ಲಿ ಮತ್ತೊಂದು ಕಣದ ಸುಳಿವು ಕಂಡಿತು. ಹೊರಗಿನ ವಿದ್ವಾಂಸರು ನೂರಾರು ಪ್ರಬಂಧ ಬರೆದರು. ಪ್ರಯೋಗ ನಡೆಸಿದವರು ಮಾತ್ರ ‘ಸಿಕ್ಕಿತು’ ಎನ್ನಲಿಲ್ಲ. ಕಣವಿಲ್ಲದೆ, ಬರೇ ಆಕಸ್ಮಿಕವಾಗಿ ಅಂತಹ ಗುರುತು ಮೂಡುವ ಸಂಭವ ಸುಮಾರು 35 ಲಕ್ಷದಲ್ಲಿ ಒಂದಕ್ಕೆ ಇಳಿದ ಮೇಲೆಯೇ ಆ ಮಾತಾಡಬೇಕೆಂಬುದು ಅವರ ಕಟ್ಟುಪಾಡು. ಇನ್ನಷ್ಟು ಮಾಹಿತಿ ಸೇರಿದಾಗ ಸುಳಿವು ಮಾಯವಾಯಿತು. 2016ರ ಆಗಸ್ಟಿನಲ್ಲಿ ಅದನ್ನೂ ಸಭೆಯ ಮುಂದೆಯೇ ಹೇಳಿದರು. ಸುದ್ದಿಯನ್ನು ವಿಚಾರಿಸದೆ ನಂಬಬಾರದೆಂಬ ಪಾಠ ‘ಅಲ್ ಹುಜುರಾತ್’ ಅಧ್ಯಾಯದಲ್ಲಿ ನಮಗೂ ಇದೆ. ಹದೀಸ್ ವಿದ್ವಾಂಸರು ವರದಿಗಾರರ ಸರಪಣಿಯನ್ನು ಒಬ್ಬೊಬ್ಬರಂತೆ ಪರೀಕ್ಷಿಸಿದ್ದೂ ಇದೇ ಎಚ್ಚರದಿಂದ. ಅಂಥವರ ವಾರಸುದಾರರು ಇಂದು ಮೊಬೈಲಿಗೆ ಬಂದದ್ದನ್ನು ಓದುವ ಮೊದಲೇ ಹತ್ತು ಮಂದಿಗೆ ದಾಟಿಸುತ್ತಾರೆ.

ದೊಡ್ಡ ಸುದ್ದಿಗಳು ಇನ್ನೂ ಬರಬಹುದು. ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲಿನಷ್ಟು ಕಾಣದ ‘ಕಪ್ಪು ದ್ರವ್ಯ’ವೆಂದು ಖಗೋಳ ವಿಜ್ಞಾನಿಗಳ ಲೆಕ್ಕ, ಅದು ಯಾವ ಕಣದಿಂದಾದುದೆಂದು ಯಾರಿಗೂ ಗೊತ್ತಾಗಿಲ್ಲ. ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಯಂತ್ರವನ್ನು ಬಲಪಡಿಸಿ, 2030ರ ಸುಮಾರಿಗೆ ಮತ್ತೆ ನಡೆಸುವ ಯೋಜನೆಯಿದೆ. ಆಗ ಏನು ಸಿಕ್ಕೀತೋ, ಸಿಕ್ಕದೆಯೂ ಹೋದೀತೋ, ಅಲ್ಲಾಹನೇ ಬಲ್ಲ. ಇಂದಿನ ಒಂದು ಊಹೆಗೆ ನೀವು ಪವಿತ್ರ ಗ್ರಂಥದ ಸೂಕ್ತವನ್ನು ಕಟ್ಟಿಹಾಕಿ ಮಗನಿಗೆ ಕಲಿಸಿದಿರಿ ಎನ್ನೋಣ. ನಾಳೆ ಆ ಊಹೆ ಬಿದ್ದಾಗ ಅವನ ಎದೆಯಲ್ಲಿ ಅದರ ಜೊತೆಗೆ ಇನ್ನೇನು ಬೀಳುತ್ತದೆ? ಅವನು ಪತ್ರಿಕೆ ಹಿಡಿದು ಬಂದರೆ ಪಕ್ಕದಲ್ಲಿ ಕೂತು ಓದಿ. ಅರ್ಥವಾಗದಿದ್ದರೆ ಶಾಲೆಯ ವಿಜ್ಞಾನದ ಮೇಷ್ಟರ ಬಳಿಗೆ ಕಳುಹಿಸಿ.