ಸುಟ್ಟುಹೋದದ್ದರ ತಪ್ಪೇನು?

ಪುಣೆಯ ಹಳೆಯ ಪೇಠೆಗಳಲ್ಲಿ ನಿಯಾನ್ ಬೋರ್ಡು ಕಾಣಸಿಗುವುದೇ ಈಗ ಅಪರೂಪ. ಎಲ್‌ಇಡಿ ಬಂದ ಮೇಲೆ ಗಾಜು ಕಾಯಿಸಿ ಅಕ್ಷರ ಬಗ್ಗಿಸುವವರೂ ಕಡಿಮೆಯಾದರು. 1910ರಲ್ಲಿ ಜಾರ್ಜ್ ಕ್ಲೋಡ್ ಪ್ಯಾರಿಸ್ಸಿನಲ್ಲಿ ಜಗತ್ತಿಗೆ ತೋರಿಸಿದ ಈ ದೀಪದೊಳಗೆ ಉರಿದುಹೋಗುವ ತಂತಿಯೇ ಇಲ್ಲ. ಒಳ್ಳೆಯ ಕೈಯಲ್ಲಿ ಆದ ಟ್ಯೂಬು ದಶಕಗಟ್ಟಲೆ ಬಾಳುತ್ತದೆ. ಸುಡುವುದು ಟ್ರಾನ್ಸ್‌ಫಾರ್ಮರು. ಪರಿಚಯದ ಅಂಗಡಿಯೊಂದರಲ್ಲಿ ಹೊಸದು ಹಾಕಿದರೂ ಮಳೆಗಾಲ ಹಿಡಿದರೆ ಅದೂ ಸುಡುತ್ತಿತ್ತು. ‘ಈಗಿನ ಮಾಲೇ ಹಾಗೆ’ ಎಂದು ಮಾಲೀಕರು ಬೈಯುತ್ತಿದ್ದರು.

ರಿಪೇರಿಗೆ ಬಂದ ಮೇಸ್ತ್ರಿ ಸೊಲ್ಲಾಪುರ ಕಡೆಯವರು, ಮನೆಮಾತು ಕನ್ನಡ. ಸುಟ್ಟ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, “ಇದು ಸುಟ್ಟಿದ್ದು ಖರೇರಿ ಸರ್, ಆದ್ರ ತಪ್ಪು ಇದರದ್ದಲ್ಲ. ಹಿಂದ ಏನೈತಿ ನೋಡೂಣ್ರಿ” ಎಂದರು.

ಈ ಪೆಟ್ಟಿಗೆ 230 ವೋಲ್ಟನ್ನು 15,000 ವೋಲ್ಟ್‌ವರೆಗೂ ಏರಿಸಬಲ್ಲದು. ಕೊಡುವ ಕರೆಂಟು 30 ಮಿಲಿಆಂಪ್‌ನಷ್ಟು; ಜೀವ ತೆಗೆಯಲು ಅಷ್ಟು ಸಾಕು. ಶಾರ್ಟ್ ಆದರೂ ಕರೆಂಟು ಮಿತಿ ಮೀರದಂತೆ ಇದನ್ನು ಕಟ್ಟಿರುತ್ತಾರೆ. ದಾರಿ ಕಡಿದಾಗಲೇ ಇದಕ್ಕೆ ಸಂಕಟ. ಟ್ಯೂಬು ಬಿರುಕುಬಿಟ್ಟು ಗಾಳಿ ಹೊಕ್ಕರೆ ಕರೆಂಟು ಹರಿಯುವುದಿಲ್ಲ. ಆಗ ಪೂರ್ತಿ ವೋಲ್ಟೇಜು ಒಳಗಿನ ಇನ್ಸುಲೇಶನ್ನಿನ ಮೇಲೆ ಬೀಳುತ್ತದೆ, ಎಲ್ಲಿ ಬಲ ಕಡಿಮೆಯೋ ಅಲ್ಲಿ ಸುಡುತ್ತದೆ.

ಮೇನ್ ಆಫ್ ಮಾಡಿ ಮೇಸ್ತ್ರಿ ಬೋರ್ಡಿನ ಹಿಂಬದಿ ಬಿಚ್ಚಿದರು. ಕೇಬಲಿನ ರಬ್ಬರು ಬಿರಿದಿತ್ತು; ಕಿಡಿಯಿಂದ ಹುಟ್ಟುವ ಓಜೋನು ರಬ್ಬರನ್ನು ತಿಂದುಬಿಡುತ್ತದೆ. ಅದರ ಪಕ್ಕದ ಮರದ ಹಲಗೆಯ ಮೇಲೆ, ಬೇರು ಇಳಿದ ಹಾಗೆ, ಕವಲೊಡೆದ ಕಪ್ಪು ಗೆರೆ. ತೇವಗೊಂಡ ಧೂಳಿನ ಮೇಲೆ ಹರಿದ ಕಿಡಿ ಹಲಗೆಯನ್ನು ಇದ್ದಿಲಾಗಿಸಿ ತನಗೊಂದು ಕಳ್ಳದಾರಿ ಮಾಡಿಕೊಂಡಿತ್ತು. ಇನ್ನೊಂದು ಸಂಗತಿಯೂ ಕಂಡಿತು. ಒಂದು ಅಕ್ಷರದ ಗಾಜು ಉಳಿದವಕ್ಕಿಂತ ಸಪೂರ. ಹಿಂದೆಂದೋ ಒಡೆದಾಗ ಕೈಗೆ ಸಿಕ್ಕಿದ್ದನ್ನು ಜೋಡಿಸಿದ್ದರು. ಟ್ಯೂಬು ಸಪೂರವಾದಷ್ಟೂ ಅಡಿಯೊಂದಕ್ಕೆ ಬೇಕಾಗುವ ವೋಲ್ಟೇಜು ಹೆಚ್ಚು. ಹೊರೆ ಹೆಚ್ಚಾಗಿದೆಯೆಂದು ಆಮೇಲೆ ಬಂದ ಯಾವ ಪೆಟ್ಟಿಗೆಗೂ ಯಾರೂ ಲೆಕ್ಕ ಹಾಕಿರಲಿಲ್ಲ.

ನನ್ನನ್ನು ಕಾಡಿದ್ದು ಇದೇ. ಮೊದಲ ಸಲ ಕೆಟ್ಟರೆ ದೋಷ ವಸ್ತುವಿನದ್ದಿರಬಹುದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಕೆಟ್ಟರೆ ಜಾಗವನ್ನೇ ವಿಚಾರಿಸಬೇಕು. ಕಚೇರಿಯ ಒಂದೇ ಕುರ್ಚಿಯಲ್ಲಿ ಕೂತವರೆಲ್ಲ ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದರೂ, ರಾಜೀನಾಮೆ ಕೊಟ್ಟರೂ, ನಾವು ಅವರ ತಾಳ್ಮೆಯನ್ನೇ ಅಳೆಯುತ್ತೇವೆ. ಆ ಕುರ್ಚಿಗೆ ವರ್ಷವರ್ಷ ಎಷ್ಟು ಕೆಲಸ ಸೇರಿತೆಂದು ಕೇಳುವುದಿಲ್ಲ. ಸೋತವರನ್ನು ಬದಲಿಸುವುದು ಸುಲಭ, ಬಿಲ್ಲೂ ಚಿಕ್ಕದು. ಹೊರೆಯನ್ನು ಅಳೆಯಹೊರಟರೆ ಅದನ್ನು ಹೇರಿದವರ ಹೆಸರು ಹೊರಬರುತ್ತದೆ; ಹಿಂಜರಿಕೆ ಅದಕ್ಕೇ ಇರಬೇಕು.

ನಿಮ್ಮ ಬೋರ್ಡಿನ ಟ್ರಾನ್ಸ್‌ಫಾರ್ಮರು ಎರಡನೇ ಸಲ ಸುಟ್ಟಿದ್ದರೆ ಮೂರನೆಯದನ್ನು ತರುವ ಮುಂಚೆ ಹೈವೋಲ್ಟೇಜ್ ಬಲ್ಲವರನ್ನು ಕರೆಸಿ. ಟ್ಯೂಬಿನ ಉದ್ದ, ದಪ್ಪ ಎರಡನ್ನೂ ಅಳೆಸಿ, ಹಳೆಯ ಕೇಬಲು ಕಿತ್ತು ಹೊಸದು ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ನೀವಾಗಿ ಮಾತ್ರ ಕೈ ಹಾಕಬೇಡಿ.