ನೀವೇನಾಗಬೇಕು?

ನಮ್ಮ ಕಡೆ ಯಾರನ್ನು ಹೊಸದಾಗಿ ಕಂಡರೂ ಎರಡನೆಯ ಮಾತಿಗೇ ಬಂದುಬಿಡುವ ಪ್ರಶ್ನೆ ಒಂದಿದೆ: ‘ಅವರಿಗೆ ನೀವೇನಾಗಬೇಕು?’ ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಮಗುವನ್ನು ಶಾಲೆಗೆ ಸೇರಿಸಲು ಬಂದವರನ್ನು ನಾವು ಉಪಾಧ್ಯಾಯಿನಿಯರೂ ಕೇಳುತ್ತೇವೆ. ಅತ್ತಿಗೆಯ ತಂಗಿ, ಚಿಕ್ಕಪ್ಪನ ಷಡ್ಡಕ, ಅಜ್ಜಿಯ ತವರಿನವರು ಎಂದು ಉತ್ತರವೂ ಸಿದ್ಧವಾಗಿರುತ್ತದೆ. ಹರಿಹರಪುರದಲ್ಲಿ ಬಸ್ಸು ಹತ್ತಿದವರು ಕೊಪ್ಪದಲ್ಲಿ ಇಳಿಯುವಷ್ಟರಲ್ಲಿ ಮೂರು ತಲೆಮಾರಿನ ನಂಟನ್ನು ಬಿಡಿಸಿಟ್ಟಿರುತ್ತಾರೆ. ಪ್ರೀತಿಯ ಪ್ರಶ್ನೆಯೇ ಇದು. ಆದರೆ ಕೆಲವರ ಬಳಿ ಇದಕ್ಕೆ ಉತ್ತರವಿರುವುದಿಲ್ಲ.

ತೋಟದಾಚೆಯ ಮನೆಯ ಅಜ್ಜಿಯೊಬ್ಬರನ್ನು ಹನ್ನೊಂದು ವರ್ಷ ನೋಡಿಕೊಂಡವಳು ಕೆಲಸಕ್ಕೆಂದು ಬಂದ ಒಬ್ಬ ಹೆಂಗಸು. ಬೆಳಿಗ್ಗೆ ಬಿಸಿನೀರು ಕಾಯಿಸುವುದರಿಂದ ಹಿಡಿದು ರಾತ್ರಿ ಕಾಲಿಗೆ ಎಣ್ಣೆ ಹಚ್ಚುವವರೆಗೆ ಎಲ್ಲವೂ ಅವಳದೇ. ಅಜ್ಜಿಯ ಮಗ ಹೊರದೇಶದಲ್ಲಿ. ಒಳ್ಳೆಯವರು, ತಿಂಗಳು ತಪ್ಪದೆ ಹಣ ಕಳಿಸುವವರು, ದಿನಾ ಫೋನು ಮಾಡುವವರು. ಒಂದು ಮಳೆಗಾಲ ಅಜ್ಜಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಾವು ನೆರೆಯವರೇ ದೂರದ ಊರಿನ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಕಾಗದ ಹಿಡಿದು ನಿಂತವರು ಅವಳನ್ನು ಕೇಳಿದ್ದು ಇದೇ ಪ್ರಶ್ನೆ: ‘ನೀವೇನಾಗಬೇಕು?’

‘ಏನೂ ಆಗಬೇಕಾಗಿಲ್ಲ. ಕೆಲಸಕ್ಕಿರೋದು’ ಎಂದಳು.

ಆಮೇಲೆ ಅವಳನ್ನು ಯಾರೂ ಏನೂ ಕೇಳಲಿಲ್ಲ. ಅಜ್ಜಿಗೆ ಯಾವ ಮಾತ್ರೆ ಮೈಗೆ ಒಗ್ಗುವುದಿಲ್ಲ, ಎಷ್ಟು ಹೊತ್ತಿಗೆ ತಲೆ ಸುತ್ತುತ್ತದೆ ಎಂಬುದೆಲ್ಲ ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಸಹಿಗಾಗಿ ಮೈಸೂರಿನಿಂದ ಒಬ್ಬ ಸೋದರಳಿಯ ಬರುವವರೆಗೆ ಎಲ್ಲರೂ ಕಾದರು. ಆತ ಅಜ್ಜಿಯನ್ನು ಕಂಡು ಆರು ವರ್ಷವಾಗಿತ್ತು.

ಹತ್ತಿರದವರು ಅಂದರೆ ಯಾರು ಎಂದು ನಾನು ಕಟ್ಟುನಿಟ್ಟಾಗಿ ಯೋಚಿಸತೊಡಗಿದ್ದು ಆಗ. ಆ ಯೋಚನೆಗೆ ಒಂದು ದಾರಿ ತೋರಿಸಿದ್ದು, ವಿಚಿತ್ರವೆಂದರೆ, ವಿಜ್ಞಾನ. ನಾನು ಕನ್ನಡ ಪಾಠ ಹೇಳುವವಳು. ಪ್ರೋಟೀನು ಎಂದರೆ ಬೇಳೆಯಲ್ಲಿರುವುದು ಎಂಬಷ್ಟೇ ತಿಳಿವಳಿಕೆ. ಜೀವರಸಾಯನ ಓದಿದ ನನ್ನ ಅಕ್ಕನ ಮಗಳು ಬೇಸಿಗೆ ರಜೆಗೆ ಬಂದಿದ್ದಾಗ, ಬಾಳೆಲೆಯಲ್ಲಿ ಸುತ್ತಿಟ್ಟಿದ್ದ ಮಲ್ಲಿಗೆ ಮಾಲೆಯನ್ನು ತೋರಿಸಿ, ‘ಚಿಕ್ಕಮ್ಮಾ, ಪ್ರೋಟೀನೂ ಹೀಗೇ’ ಎಂದಳು.

ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಹೂವಿನ ಹಾಗೆ ಒಂದರ ಪಕ್ಕ ಒಂದು ಪೋಣಿಸಿಕೊಂಡು ಸರವಾಗುತ್ತವೆ. ಆದರೆ ಉದ್ದಕ್ಕೆ ಚಾಚಿದ ಸರದಿಂದ ಕೆಲಸವಾಗುವುದಿಲ್ಲ. ಅದು ಸುತ್ತಿ ಮಡಿಚಿ ತನ್ನದೇ ಒಂದು ಆಕಾರಕ್ಕೆ ಬರಬೇಕು. ಹಾಗೆ ಮಡಿಚಿದಾಗ ಸರದಲ್ಲಿ ಎಷ್ಟೋ ದೂರವಿದ್ದ ಹೂಗಳು ಒಂದಕ್ಕೊಂದು ತಾಗಿ ಕೂರುತ್ತವೆ. ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನಿನಲ್ಲಿ 124 ಅಮೈನೋ ಆಮ್ಲಗಳಿವೆ. ಅದರಲ್ಲಿ 26ನೆಯದೂ 84ನೆಯದೂ ಗಂಧಕದ ಕೊಂಡಿಯಿಂದ ಕೈಹಿಡಿದುಕೊಂಡಿವೆ. ನಡುವೆ 57 ಮಂದಿ ಇದ್ದಾರೆ! ಪಟ್ಟಿಯಲ್ಲಿ ನೋಡಿದರೆ ಅವೆರಡೂ ಒಂದಕ್ಕೊಂದು ಏನೂ ಆಗಬೇಕಾಗಿಲ್ಲ.

ಹಾಗಾದರೆ ಪ್ರೋಟೀನಿನೊಳಗೆ ಯಾರಿಗೆ ಯಾರು ಹತ್ತಿರ ಎಂದು ಹೇಗೆ ತಿಳಿಯುವುದು? ಅಳೆದು ನೋಡಬೇಕು. ಒಂದು ಮಿಲಿಮೀಟರಿನ ಕೋಟಿಯ ಒಂದು ಪಾಲಿಗೆ ಆಂಗ್‌ಸ್ಟ್ರಾಮ್ ಎನ್ನುತ್ತಾರೆ. ಎರಡು ಅಮೈನೋ ಆಮ್ಲಗಳ ಪರಮಾಣುಗಳು ಸುಮಾರು 4.5 ಆಂಗ್‌ಸ್ಟ್ರಾಮಿನೊಳಗೆ ಬಂದರೆ ಅವು ಸಂಪರ್ಕದಲ್ಲಿವೆ ಎಂದು ಲೆಕ್ಕ. ಈ ಲೆಕ್ಕವನ್ನು ಬಲೆಯಂತೆ ಹೆಣೆದು ನೋಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಸರಸ್ವತಿ ವಿಶ್ವೇಶ್ವರ ಪ್ರಮುಖರು. ಒಂದೊಂದು ಅಮೈನೋ ಆಮ್ಲವನ್ನು ಒಂದು ಚುಕ್ಕಿಯಾಗಿ, ಸಂಪರ್ಕವನ್ನು ಗೆರೆಯಾಗಿ ಇಟ್ಟು, ನಮ್ಮ ರಂಗೋಲಿಯ ಹಾಗೆ ಚಿತ್ರಿಸಿ, ಗುಂಪುಗಳನ್ನು ಗಣಿತದಿಂದ ಗುರುತಿಸುವ ವಿಧಾನವನ್ನು 1999ರಲ್ಲಿ ಎನ್. ಕಣ್ಣನ್ ಅವರೊಡನೆ ಪ್ರಕಟಿಸಿದರು. 2005ರಲ್ಲಿ ಕೆ. ವಿ. ಬೃಂದಾ ಅವರೊಡನೆ ಮಾಡಿದ ಕೆಲಸದಲ್ಲಿ, ನಾಲ್ಕು ಅಥವಾ ಹೆಚ್ಚು ಗೆರೆಗಳು ಬಂದು ಸೇರುವ ಚುಕ್ಕಿಗಳನ್ನು ವಿಶೇಷವಾಗಿ ಗಮನಿಸಿದರು. ಪ್ರೋಟೀನು ಕುಸಿಯದೆ ನಿಲ್ಲುವುದರಲ್ಲಿ ಅಂಥವುಗಳ ಪಾಲು ದೊಡ್ಡದು. ಸರದಲ್ಲಿ ಅವು ಎಷ್ಟನೆಯವು ಎಂಬುದರಿಂದ ಇದು ತಿಳಿಯುವುದಿಲ್ಲ.

ನನಗೆ ಆಸ್ಪತ್ರೆಯ ಬೆಂಚು ನೆನಪಾಯಿತು. ವಂಶಾವಳಿ ಎಂಬುದು ಸರ. ಬದುಕು ಎಂಬುದು ಮಡಿಕೆ. ಕಾಗದಪತ್ರಗಳೆಲ್ಲ ಸರವನ್ನು ಮಾತ್ರ ಓದುತ್ತವೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಪ್ರಬಂಧ ಸುಲಭವಾಗುತ್ತಿತ್ತು. ಆದರೆ ಸರವನ್ನು ಹೀಗೆ ಕಡೆಗಣಿಸುವುದು ನ್ಯಾಯವಲ್ಲ. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಬೇಯಿಸಿ ಕೊಡುತ್ತಾರೆ. ತಿಳಿಯಾಗಿದ್ದ ಬಿಳಿ ಭಾಗ ಕಾದೊಡನೆ ಗಟ್ಟಿಯಾಗುವುದನ್ನು ನೀವೆಲ್ಲ ಬಲ್ಲಿರಿ. ಆ ಕಾವಿಗೆ ಪ್ರೋಟೀನಿನ ಮಡಿಕೆ ಬಿಚ್ಚಿ, ಸಂಪರ್ಕಗಳೆಲ್ಲ ಹರಿದುಹೋಗಿರುತ್ತವೆ. ಸರ ಮಾತ್ರ ತುಂಡಾಗಿರುವುದಿಲ್ಲ. ರಕ್ತಸಂಬಂಧವೂ ಹಾಗೆಯೇ ಅಲ್ಲವೇ? ಮಗ ದೂರದಲ್ಲಿದ್ದರೂ ಮಗನೇ. ಅವರು ಕಳಿಸಿದ ಹಣದಿಂದಲೇ ಆ ಮನೆಯ ಒಲೆ ಉರಿಯುತ್ತಿತ್ತು, ಅವಳ ಸಂಬಳವೂ ಬರುತ್ತಿತ್ತು.

ಹತ್ತಿರ ಬಂದದ್ದೆಲ್ಲ ಒಳ್ಳೆಯದೆಂದೂ ಅಲ್ಲ. ಕ್ರಿಶ್ಚಿಯನ್ ಆನ್‌ಫಿನ್ಸನ್ ಎಂಬ ಅಮೆರಿಕದ ವಿಜ್ಞಾನಿಗೆ 1972ರಲ್ಲಿ ನೊಬೆಲ್ ಬಂದದ್ದು ಮೇಲೆ ಹೇಳಿದ ರೈಬೋನ್ಯೂಕ್ಲಿಯೇಸಿನ ಕೆಲಸಕ್ಕೇ. ಅದರಲ್ಲಿ ನಾಲ್ಕು ಗಂಧಕದ ಕೊಂಡಿಗಳು, ಎಂಟು ಕೈಗಳು. ಎಂಟು ಕೈಗಳು ಎರಡೆರಡಾಗಿ ಜೋಡಿಯಾಗಲು 105 ದಾರಿಗಳಿವೆ, ಸರಿಯಾದದ್ದು ಒಂದೇ. ಕೊಂಡಿಗಳನ್ನು ಕಳಚಿ, ಯೂರಿಯಾ ಸೇರಿಸಿ ಸರವನ್ನು ಬಿಡಿಸಿ, ಆ ಯೂರಿಯಾದಲ್ಲೇ ಮತ್ತೆ ಕೈಹಿಡಿಯಲು ಬಿಟ್ಟರೆ, ಸಿಕ್ಕಿದ ಕೈಯನ್ನು ಸಿಕ್ಕಿದವರು ಹಿಡಿಯುತ್ತಾರೆ. ಆಗ ಪ್ರೋಟೀನಿನ ಕೆಲಸ ನೂರಕ್ಕೆ ಒಂದರಷ್ಟಕ್ಕೆ ಇಳಿಯುತ್ತದೆ. ಒಂಟಿ ಮುದುಕಿಯ ತೋಟದ ಮೇಲೆ ಕಣ್ಣಿಟ್ಟು ಬಳಿ ಸೇರುವವರನ್ನು ಯಾವ ಊರಿನವರು ಕಂಡಿಲ್ಲ? ಕಾಗದಪತ್ರ ಸರವನ್ನು ನಂಬುವುದಕ್ಕೆ ಅದೂ ಒಂದು ಕಾರಣ. ಆದರೆ ಆನ್‌ಫಿನ್ಸನ್ ಕಂಡ ಇನ್ನೊಂದು ಸಂಗತಿಯೂ ಇದೆ. ಯೂರಿಯಾವನ್ನು ತೆಗೆದು, ಕೊಂಡಿ ಸಡಿಲಿಸುವ ವಸ್ತುವನ್ನು ತುಸುವೇ ಸೇರಿಸಿದರೆ ತಪ್ಪು ಕೊಂಡಿಗಳು ಕಳಚಿ ಸರಿಯಾದವು ಕೂಡಿಕೊಳ್ಳುತ್ತವೆ, ಕೆಲಸ ಮರಳುತ್ತದೆ. ನಂಟು ನಿಜವೋ ಅಲ್ಲವೋ ಎಂಬುದಕ್ಕೆ ಅಲ್ಲಿ ಕೆಲಸವೇ ಸಾಕ್ಷಿ.

ಇನ್ನು ಮೂರನೆಯ ಮಾತು. ಅದು ನಮ್ಮ ಹೆಂಗಸರಿಗೆ ಮುಖ್ಯವಾದದ್ದು. ‘ಅವಳು ಕೆಲಸದವಳಲ್ಲ, ಮನೆಯವಳ ಹಾಗೆ’ ಎನ್ನುತ್ತೇವೆ. ಎಷ್ಟೋ ಕಡೆ ಈ ಮಾತಿನ ಅಡಿಯಲ್ಲಿ ರಜೆಯಿಲ್ಲದ ದುಡಿಮೆ, ಏರದ ಸಂಬಳ ಅಡಗಿರುತ್ತವೆ. ಮನೆಯವಳಿಗೆ ಸಂಬಳವೇಕೆ ಎಂಬ ನ್ಯಾಯ! ಜಿ. ಎನ್. ರಾಮಚಂದ್ರನ್ ಎಂಬ ಹೆಸರಾಂತ ವಿಜ್ಞಾನಿ ಮದರಾಸಿನಲ್ಲಿದ್ದಾಗ ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿಗೆ ಮೂರೆಳೆಯ ಹುರಿಯ ರಚನೆಯನ್ನು ಸೂಚಿಸಿದ್ದರು. ಅದರಲ್ಲಿ ಕೆಲವು ಪರಮಾಣುಗಳು ಮಿತಿಮೀರಿ ಹತ್ತಿರವಾಗಿವೆ ಎಂದು ಪರದೇಶದ ವಿಜ್ಞಾನಿಗಳು ಆಕ್ಷೇಪಿಸಿದರು. ಹಾಗಾದರೆ ಎಷ್ಟು ಹತ್ತಿರ ಬರಬಹುದು ಎಂದು ರಾಮಚಂದ್ರನ್ ತಿಳಿದ ರಚನೆಗಳನ್ನೆಲ್ಲ ಜಾಲಾಡಿ ಮಿತಿಗಳನ್ನು ಗೊತ್ತುಮಾಡಿದರು. ಎರಡು ಇಂಗಾಲದ ಪರಮಾಣುಗಳಿಗೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಮ್, ತೀರಾ ಅಂದರೆ 3.0. ಅಲ್ಲಿಂದ ಒಳಕ್ಕೆ ಬಂದರೆ ರಚನೆ ನಿಲ್ಲುವುದಿಲ್ಲ. ಇದರಿಂದಲೇ 1963ರಲ್ಲಿ ಅವರ ಹೆಸರಿನ ನಕ್ಷೆ ಹುಟ್ಟಿತು. ಪ್ರೋಟೀನು ಓದುವವರು ಇಂದಿಗೂ ಅದನ್ನೇ ಬಳಸುತ್ತಾರೆ. 1971ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಅವರೇ.

ಸಾಮೀಪ್ಯಕ್ಕೂ ಒಂದು ಕನಿಷ್ಠ ದೂರ ಬೇಕು. ಅವಳ ಸಂಬಳ, ಅವಳ ರಜೆ, ‘ಈ ಹೊತ್ತು ಆಗುವುದಿಲ್ಲ ಅಮ್ಮಾ’ ಎನ್ನುವ ಅವಳ ಹಕ್ಕು, ಇವೇ ಆ ದೂರ. ಅದನ್ನು ಉಳಿಸಿಕೊಟ್ಟವರು ಮಾತ್ರ ಅವಳನ್ನು ಹತ್ತಿರದವಳು ಎನ್ನಬಹುದು.

ಅಣುಗಳಿಂದ ನೀತಿ ಕಲಿಯಬಹುದೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಅಮೈನೋ ಆಮ್ಲಕ್ಕೆ ಆಯ್ಕೆಯಿಲ್ಲ. ಯಾರ ಪಕ್ಕ ಕೂರಬೇಕೆಂಬುದನ್ನು ಅದರ ಸರವೇ ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿದೆ. ನಮಗೆ ಆಯ್ಕೆ ಇದೆ, ಆದ್ದರಿಂದ ಹೊಣೆಯೂ ಇದೆ. ವಿಜ್ಞಾನ ನನಗೆ ಕೊಟ್ಟದ್ದು ನೀತಿಯನ್ನಲ್ಲ, ಪ್ರಶ್ನೆಯನ್ನು ಸರಿಯಾಗಿ ಕೇಳುವ ರೀತಿಯನ್ನು. ಅದಕ್ಕೆ ಕೊನೆಯ ಒಂದು ಉದಾಹರಣೆ. ಒಂದೇ ಪ್ರೋಟೀನು ಬೇರೆ ಬೇರೆ ಜೀವಿಗಳಲ್ಲಿ ತುಸು ತುಸು ಬದಲಾಗಿರುತ್ತದೆ. ತಾಗಿ ಕುಳಿತ ಎರಡು ಅಮೈನೋ ಆಮ್ಲಗಳಲ್ಲಿ ಒಂದು ಬದಲಾದರೆ, ಕಾಲಾಂತರದಲ್ಲಿ ಇನ್ನೊಂದೂ ಅದಕ್ಕೆ ತಕ್ಕಂತೆ ಬದಲಾಗಿರುವುದುಂಟು. ಹೀಗೆ ಒಟ್ಟಿಗೆ ಬದಲಾಗುವ ಜೋಡಿಗಳನ್ನು ಹುಡುಕಿ, ಕಣ್ಣಿಗೆ ಕಾಣದ ಸಂಪರ್ಕಗಳನ್ನು ಊಹಿಸುವುದು ಸಾಧ್ಯವಾಯಿತು. ಕಂಪ್ಯೂಟರಿನಿಂದ ಪ್ರೋಟೀನಿನ ರಚನೆಯನ್ನು ಊಹಿಸಿದ್ದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲಿನಲ್ಲಿ ಅರ್ಧ ಪಾಲು ಬಂತು. ಅವರ ವಿಧಾನಕ್ಕೂ ಈ ಸುಳಿವು ಆಧಾರ.

‘ನೀವೇನಾಗಬೇಕು’ ಎಂಬುದರ ಬದಲು ‘ಅವರಿಗೇನಾದರೂ ಆದರೆ ಯಾರ ದಿನಚರಿ ಬದಲಾಗುತ್ತದೆ?’ ಎಂದು ಕೇಳೋಣ. ಸೊಂಟ ಮುರಿದ ಮೇಲೆ ಅಜ್ಜಿ ಒಂದೂವರೆ ವರ್ಷ ಬದುಕಿದ್ದರು. ಅಷ್ಟೂ ದಿನ ಅವಳು ತನ್ನ ಹಾಸಿಗೆಯನ್ನು ಅವರ ಮಂಚದ ಕಾಲಬುಡಕ್ಕೆ ತಂದುಕೊಂಡಿದ್ದಳು. ಅಜ್ಜಿ ತೀರಿಕೊಂಡಾಗ ಮಗ ಬಂದು ಶ್ರದ್ಧೆಯಿಂದ ಕರ್ಮ ಮುಗಿಸಿದರು, ಅವಳಿಗೆ ಸೀರೆ ಕೊಟ್ಟು ಕಣ್ಣೀರು ಹಾಕಿದರು, ಮನೆಗೆ ಬೀಗ ಹಾಕಿ ಹೊರಟರು. ಅವರು ಕೆಟ್ಟವರಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ಎಚ್ಚರವಾದಾಗ ಯಾರಿಗೆ ನೀರು ಕಾಯಿಸಲಿ ಎಂಬ ಪ್ರಶ್ನೆ ಇದ್ದದ್ದು ಅವಳಿಗೆ. ಹನ್ನೊಂದು ವರ್ಷದ ಮೇಲೆ ಹೊಸ ಕೆಲಸ, ಹೊಸ ಸೂರು ಹುಡುಕಬೇಕಾದದ್ದೂ ಅವಳೇ.

ಇದಕ್ಕೆ ಪರಿಹಾರ ಕಣ್ಣೀರಲ್ಲ, ಬರವಣಿಗೆ. ಬ್ಯಾಂಕಿನ ಖಾತೆಗೆ ನಾಮಿನಿಯಾಗಲು ನೆಂಟರೇ ಆಗಬೇಕೆಂದಿಲ್ಲ. ಸ್ವಂತ ಗಳಿಕೆಯದನ್ನು ಉಯಿಲಿನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. ತನ್ನ ಔಷಧಿಯ ವಿವರ ಯಾರಿಗೆ ಗೊತ್ತು, ಯಾರನ್ನು ಕೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದಿಡುವುದಕ್ಕೆ ಕಾನೂನೂ ಬೇಡ. ಕೈಯಲ್ಲಿ ಬಲ ಇರುವಾಗ, ಮಕ್ಕಳಿಗೆ ತಿಳಿಸಿಯೇ, ಈ ಕೆಲಸ ಮಾಡಿಡಬೇಕು. ಸರದಲ್ಲಿರುವವರ ಹೆಸರು ಹೇಗೂ ಉಳಿಯುತ್ತದೆ. ಮಡಿಕೆಯಲ್ಲಿ ಬಂದು ತಾಗಿ ಕುಳಿತವರ ಹೆಸರನ್ನು ನಾವೇ ಬರೆಯದಿದ್ದರೆ ಅದು ಎಲ್ಲಿಯೂ ಇರುವುದಿಲ್ಲ.